ಮಡಿಲಿಗೆ ಬಿದ್ದ ಮೇಣದ ಚೂರು

ಹನ್ನೊಂದು ಗಂಟೆಗೆ ಅತಿಥಿಗಳು ಬರುತ್ತಾರೆ. ಪ್ರತಿ ಕಲಾವಿದರ ಟೇಬಲ್ಲಿನ ಮೇಲೂ ಒಂದು ಮೇಣದಬತ್ತಿ ಉರಿಯುತ್ತಿರಬೇಕು...

ಮೃದುಲಾ ಮತ್ತೆ ವಾಚ್ ನೋಡಿಕೊಂಡಳು. ಹತ್ತೂ ಇಪ್ಪತ್ತು.

ತುಮಕೂರಿನ ಆ ಹಾಲ್ ತುಂಬ ಕೈಯಲ್ಲೇ ಮಾಡಿದ ಕ್ಯಾಂಡಲ್ ಸ್ಟ್ಯಾಂಡುಗಳು. ಗಾಜಿನವು, ಬಿದಿರಿನವು, ಹಳೇ ಸೈಕಲ್ ಚೈನಿನವು... ಇವಳವು ಮಣ್ಣಿನವು. ಇದು ಇವಳ ಮೊದಲ ಪ್ರದರ್ಶನ.

ಆದರೆ ಹನ್ನೆರಡು ಸ್ಟ್ಯಾಂಡುಗಳಲ್ಲಿ ಒಂದಕ್ಕೂ ಮೇಣದಬತ್ತಿ ಇಳಿಯುತ್ತಿಲ್ಲ!

ಹಸಿ ಮಣ್ಣಿಗೆ ಮೇಣದಬತ್ತಿಯನ್ನೇ ಒತ್ತಿ ಕುಳಿಯ ಅಳತೆ ತೆಗೆದುಕೊಂಡಿದ್ದಳು. ಬೆಂದ ಮೇಲೆ ಮಣ್ಣು ಕುಗ್ಗುತ್ತದೆ ಅಂತ ಡೈರಿಯಲ್ಲಿ ಬರೆದುಕೊಂಡಿದ್ದಳು... ಕೆಳಗೆ ಗೆರೆ ಕೂಡ ಎಳೆದಿದ್ದಳು. ಕೈಗೆ ಮಾತ್ರ ನೆನಪಾಗಿರಲಿಲ್ಲ.

ದುಪಟ್ಟಾ ತೆಗೆದು ಎಲ್ಲವನ್ನೂ ಮುಚ್ಚಿದಳು. ಕೂತಳು... ಎದ್ದಳು... ಬಾಗಿಲವರೆಗೆ ಹೋಗಿ ವಾಪಸ್ ಬಂದಳು.

"ಏನಮ್ಮಾ, ಮದುವೆ ಹೆಣ್ಣಿಗೆ ಮುಸುಕು ಹಾಕ್ದಂಗೆ ಹಾಕಿದೀಯ! ಮುಖ ತೋರ್ಸಲ್ವಾ?" ಸೈಕಲ್ ಚೈನಿನ ಕಲಾವಿದ ನಕ್ಕ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ.

ಪಕ್ಕದ ಟೇಬಲ್ಲು ತಿಪಟೂರಿನ ಸಿದ್ಧಗಂಗಮ್ಮನವರದು. ಅರವತ್ತೈದು ದಾಟಿದ ಅಜ್ಜಿ. ಮರದ ಬುಡ ಕೂರಿಸಿದ ಅವರ ತೆಂಗಿನ ಚಿಪ್ಪಿನ ಸ್ಟ್ಯಾಂಡುಗಳು ಮಿರಮಿರ ಮಿಂಚುತ್ತಿದ್ದವು. ಬೆಳಗಿನಿಂದ ಎಲ್ಲರ ಜೊತೆ ನಗುನಗುತ್ತಾ ಮಾತಾಡುತ್ತಿದ್ದರು.

ಇವರಿಗೇನು ಚಿಂತೆ... ಅಂದುಕೊಂಡಳು.

ಹತ್ತೂ ಮುಕ್ಕಾಲು! ಟೇಬಲ್ಲಿನ ಹಿಂದೆ ನೆಲದ ಮೇಲೆ ಕೂತು, ಬ್ಲೇಡಿನಿಂದ ಮೇಣದಬತ್ತಿಯ ಬುಡ ಕೆರೆಯತೊಡಗಿದಳು. ಮಡಿಲ ತುಂಬ ಚೂರು. ಕಣ್ಣ ತುಂಬ ನೀರು.

"ಆ ಚೂರು ಬಿಸಾಕ್ತೀಯೇನವ್ವಾ?"

ತಲೆ ಎತ್ತಿದರೆ ಸಿದ್ಧಗಂಗಮ್ಮ. ಮುಖದಲ್ಲಿ ನಗು ಇರಲಿಲ್ಲ.

"ಹೂಂ ಅಜ್ಜಿ... ಕುಳಿ ಎಲ್ಲಾ ಚಿಕ್ಕದಾಗೋಯ್ತು."

"ನಂದು ದೊಡ್ಡದಾಗೈತೆ ಕಣವ್ವ."

ತಮ್ಮ ಸ್ಟ್ಯಾಂಡಿಗೆ ಒಂದು ಮೇಣದಬತ್ತಿ ಇಟ್ಟು ತೋರಿಸಿದರು. ಅದು ಕುಡಿದವನ ಹಾಗೆ ಒಂದು ಕಡೆಗೆ ವಾಲಿತು.

"ಕುಳಿ ಕೊರೆಯೋದು ನಮ್ ಯಜಮಾನ್ರ ಕೆಲ್ಸ. ಯುಗಾದಿ ಹೊತ್ಗೆ ಲಕ್ವ ಹೊಡೀತು... ಬಲಗೈ ಏಳಲ್ಲ. ಈ ಸಲ ನಾನೇ ಕೊರ್ದೆ, ಕೈ ನಡುಗ್ತು. ಅವ್ರಿಗೆ ಹೇಳಿಲ್ಲ. ಸಂಜೆ ಹೋದೇಟ್ಗೆ ಕೇಳೋದು ಒಂದೇ... ಬತ್ತಿ ನೆಟ್ಟಗೆ ನಿಂತಿತ್ತಾ ಅಂತ."

"ಮತ್ತೆ ಬೆಳಗಿಂದ ನಗ್ತಾ ಇದ್ರಲ್ಲ!"

"ನೀನು ದುಪಟ್ಟಾ ಹೊದಿಸ್ದೆ... ನಾನು ನಗು ಹೊದಿಸ್ದೆ. ಅಷ್ಟೇಯ."

ಮೃದುಲಾ ಮಡಿಲಿನ ಚೂರುಗಳನ್ನು ಅಂಗೈಯಲ್ಲಿ ತಿಕ್ಕಿ ಮೆತ್ತಗೆ ಮಾಡಿ, ಅಜ್ಜಿಯ ಸ್ಟ್ಯಾಂಡಿನ ಕುಳಿಯೊಳಗೆ ಸುತ್ತಲೂ ಒತ್ತಿದಳು. ಮೇಣದಬತ್ತಿ ಇಟ್ಟಳು.

ನೆಟ್ಟಗೆ ನಿಂತಿತು!

ಕೆರೆದ ಬತ್ತಿ ಇವಳ ಮಣ್ಣಿನ ಸ್ಟ್ಯಾಂಡಿನಲ್ಲೂ ಕೂತಿತು. ಅತಿಥಿಗಳು ಒಳಗೆ ಬರುವ ಹೊತ್ತಿಗೆ ದುಪಟ್ಟಾ ಹೆಗಲಿಗೆ ಮರಳಿತ್ತು, ಎರಡೂ ಟೇಬಲ್ಲಿನಲ್ಲಿ ದೀಪ ಉರಿಯುತ್ತಿತ್ತು.

ಅಜ್ಜಿಯ ದೀಪದ ಫೋಟೋ ತೆಗೆದು ಯಜಮಾನರ ಫೋನಿಗೆ ಕಳಿಸಲು ಹೊರಟಳು.

"ನೆಟ್ಟಗೆ ನಿಂತೈತೆ ಅಂತ ಬರಿ," ಅಂದರು ಅಜ್ಜಿ. ತಕ್ಷಣ ತಡೆದರು... "ಬ್ಯಾಡ. ನಿಜಾನೇ ಬರಿ. ನನ್ ಕೈ ನಡುಗಿತ್ತು, ಈ ಮಗು ನಿಲ್ಲಿಸ್ತು ಅಂತ."

ಸ್ವಲ್ಪ ಹೊತ್ತಿಗೆ ಒಂದು ವಾಯ್ಸ್ ಮೆಸೇಜ್ ಬಂತು. ತೊದಲು ದನಿ...

"ಆ ಮಗೂನ... ಮನೆಗೆ ಕರ್ಕೊಂಡ್ ಬಾ. ಇಬ್ರಿಗೂ... ಕೊರೆಯೋದು ಹೇಳ್ಕೊಡ್ತೀನಿ."

ಇಬ್ಬರೂ ಅತ್ತರು. ಈ ಸಲ ಯಾರೂ ಏನನ್ನೂ ಮುಚ್ಚಿಕೊಳ್ಳಲಿಲ್ಲ.

*ಮುಚ್ಚಿಟ್ಟ ಕೊರತೆ ನಮ್ಮಲ್ಲೇ ಉಳಿಯುತ್ತದೆ... ತೋರಿಸಿದ ಕೊರತೆ ಪಕ್ಕದವರದನ್ನೂ ತುಂಬುತ್ತದೆ.*

ನಿಮ್ಮ ಪಕ್ಕದಲ್ಲಿ ಬೆಳಗಿನಿಂದ ನಗುತ್ತಲೇ ಇರುವವರನ್ನು... ಹೇಗಿದ್ದೀರಿ ಅಂತ ಒಮ್ಮೆ ಕೇಳಿದ್ದೀರಾ?