ಬಾಣಂತಿಯ ಬಿಸಿನೀರು

ಬಾಣಂತಿ ಇರುವ ಮನೆಯೆಂದು ಫೋನಿನಲ್ಲೇ ಹೇಳಿದ್ದರು. ಗೀಸರ್ ರಿಪೇರಿಯವನು ಸ್ಪ್ಯಾನರನ್ನೂ ಸದ್ದಾಗದಂತೆ ನೆಲಕ್ಕಿಟ್ಟ. ಅವನ ಮನೆಯಲ್ಲೂ ಎಳೆಗೂಸಿತ್ತು. ಮಲಗಿಸುವ ಕಷ್ಟ ಅವನಿಗೆ ಗೊತ್ತು.

“ಇದೇನೂ ಕೆಟ್ಟಿಲ್ಲಮ್ಮ,” ಎಂದು ಪಿಸುಗುಟ್ಟಿದ. “ನೀರು ಕಾಯ್ತಾನೇ ಇದೆ, ಯಾರೂ ನಲ್ಲಿ ತಿರುಗಿಸ್ತಿಲ್ಲ. ಅದಕ್ಕೇ ಒಳಗೆ ಪ್ರೆಷರ್ ಏರಿ ವಾಲ್ವಿಂದ ಸೋರ್ತಿದೆ.”

“ದಿನಾ ಮಗಳಿಗೇಂತ ಕಾಯಿಸ್ತೀನಪ್ಪ,” ಎಂದರು ಬಾಣಂತಿಯ ತಾಯಿ. “ಎಣ್ಣೆ ಹಚ್ಚಿ ಎರೆಯೋಣ ಅಂದ್ರೆ ಹಾಸಿಗೆ ಬಿಟ್ಟು ಏಳೋದೇ ಇಲ್ಲ.”

“ಪಾಪ, ಮಗು ರಾತ್ರಿಯೆಲ್ಲ ನಿದ್ದೆಗೆಡಿಸಿರುತ್ತೆ,” ಅವನು ದನಿಯನ್ನು ಇನ್ನಷ್ಟು ತಗ್ಗಿಸಿ ನಕ್ಕ.

ತಾಯಿ ನಗಲಿಲ್ಲ. ಕೋಣೆಯೊಳಗಿಂದ ಮಗಳು ಹೇಳಿದಳು:

“ಜೋರಾಗೇ ಮಾತಾಡಿ ಅಣ್ಣಾ. ಎಚ್ಚರ ಆಗೋಕೆ ಮಗು ಉಳೀಲಿಲ್ಲ.”