ತಪ್ಪು ಉತ್ತರದ ಸರದಿ

“ಮಿಸ್, ಇವತ್ತು ತಪ್ಪು ಉತ್ತರ ಯಾರು ಹೇಳ್ಬೇಕು?”

ತರಗತಿಯ ಬಾಗಿಲಲ್ಲೇ ನೋರ್ಕಾ ಸಬೀನಾಳ ಸ್ವೆಟರಿನ ತೋಳು ಜಗ್ಗಿದಳು. ನಾಲ್ಕನೇ ಕ್ಲಾಸಿನ ಹುಡುಗಿ, ಮಾತು ಮಾತ್ರ ನಾಟಕ ಕಂಪನಿಯ ಮ್ಯಾನೇಜರನದು. ಸಬೀನಾಳ ಕೈಯಲ್ಲಿದ್ದ ರಟ್ಟಿನ ಡಬ್ಬಿ ಬೀಳುವುದೊಂದು ಬಾಕಿ.

“ತಪ್ಪು ಉತ್ತರಾನಾ? ಯಾಕೆ?”

“ಅಯ್ಯೋ ಮಿಸ್, ನಾವು ಮೊದ್ಲೇ ಸರಿ ಹೇಳ್ಬಿಟ್ರೆ ನೀವೇನು ಕಲಿಸಿದ ಹಾಗಾಯ್ತು? ಸಾರ್ ಮಾರ್ಕ್ಸ್ ಕಟ್ ಮಾಡ್ತಾರೆ. ಹೋದ ವಾರ ಬಂದ ಮಿಸ್‌ಗೆ ಗಿಡ ಎಲೇಲಿ ನೀರು ಕುಡಿಯುತ್ತೆ ಅಂತ ನಾನೇ ಹೇಳಿದ್ದು. ಪಾಸಾಗ್ಬಿಟ್ರು. ನಿಮಗೂ ನಾನೇ ಹೇಳ್ತೀನಿ, ಬಿಡಿ.”

ಬೆಟ್ಟದ ಮೇಲಿನ ಪುಕಾಕಾಂಚಾ ಊರಿನಲ್ಲಿ ಶಿಕ್ಷಕರ ಕಾಲೇಜಿಗೆ ಅಂಟಿಕೊಂಡಂತೆ ಇರುವ ಶಾಲೆ ಅದು. ಟೀಚರಾಗಲು ಹೊರಟವರೆಲ್ಲ ಕೊನೆಯ ವರ್ಷ ಈ ಮಕ್ಕಳ ಮುಂದೆಯೇ ಒಂದು ಪರೀಕ್ಷಾ ಪಾಠ ಮಾಡಿ ತೋರಿಸಬೇಕು. ಇವತ್ತು ಸಬೀನಾಳ ಸರದಿ. ಪಾಠಕ್ಕೊಂದು ಕ್ರಮವಿದೆ. ಮೊದಲು ಹಾಡು, ಆಮೇಲೆ ಅಚ್ಚರಿಯ ಡಬ್ಬಿ, ಆಮೇಲೆ ಮಕ್ಕಳಿಂದೊಂದು ತಪ್ಪು ಉತ್ತರ, ಅದರಿಂದ ಅವರ ಮನಸ್ಸಿನಲ್ಲಿ ತಳಮಳ, ಕೊನೆಗೆ ಜ್ಞಾನೋದಯ. ಪರೀಕ್ಷಕ ಲಿಸಾರಾಗ ತಮ್ಮ ಕೈಪಿಡಿಯಲ್ಲಿ ಗಿಡದ ಪಾಠವನ್ನು ಉದಾಹರಣೆಯಾಗಿ ಕೊಟ್ಟಿದ್ದರಿಂದ ಎಲ್ಲರೂ ಗಿಡವನ್ನೇ ಹಿಡಿದುಕೊಂಡು ಬರುತ್ತಿದ್ದರು. ಕ್ಲಾಸಿನ ಖಾಯಂ ಟೀಚರಮ್ಮ ಗೇಟಿನ ಪಕ್ಕದ ಅಂಗಡಿಯ ಮುಂದೆ ಬಿಸಿಲಿಗೆ ಕೂತು ಸ್ವೆಟರು ಹೆಣೆಯುತ್ತಿದ್ದಳು. ಪರೀಕ್ಷಾ ಪಾಠದ ದಿನ ಅವಳಿಗೆ ಬಿಡುವು, ಮತ್ತು ಪರೀಕ್ಷಾ ಪಾಠವಿಲ್ಲದ ದಿನ ಈಚೆಗೆ ಬಂದದ್ದೇ ಇಲ್ಲ.

ಲಿಸಾರಾಗ ಹಿಂದಿನ ಬೆಂಚಿನಲ್ಲಿ ಹೊಟ್ಟೆ ಹೊಂದಿಸಿಕೊಂಡು ಕೂತರು. “ಮಕ್ಕಳಿಗೆ ನೋಟ್ಸ್ ಬರೆಸಬಾರದು, ಫುಲ್‌ಸ್ಟಾಪ್, ಮುಂದಿನ ಪ್ಯಾರಾ” ಎಂದು ಐದು ವರ್ಷ ಸಬೀನಾಳಿಗೆ ನೋಟ್ಸ್ ಬರೆಸಿದವರು ಇವರೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಆದರೂ ಅವರ ಪೆನ್ನಿಗೆ ಹೆದರಲೇಬೇಕಿತ್ತು. ಮನಶ್ಶಾಸ್ತ್ರ, ಪಠ್ಯಕ್ರಮ ಸಿದ್ಧಾಂತ, ಶಿಕ್ಷಣದ ತತ್ವಜ್ಞಾನ ಎಲ್ಲ ಮುಗಿದು ಇದೊಂದೇ ಉಳಿದಿತ್ತು. ಇದರಲ್ಲಿ ಬಿದ್ದರೆ ಇನ್ನೊಂದು ವರ್ಷ. ಊರಲ್ಲಿ ಅಮ್ಮ ಆಗಲೇ ಮಗಳ ಪದವಿಯ ಊಟಕ್ಕೆ ಹುರಿದು ಬಡಿಸಲೆಂದು ಗಿನಿಪಿಗ್‌ಗಳಿಗೆ ಹಸಿಹುಲ್ಲು ಹಾಕಿ ಕೊಬ್ಬಿಸುತ್ತಿದ್ದಳು.

ಸಬೀನಾ ಬಾಯಿ ತೆರೆಯುವ ಮೊದಲೇ ಮಕ್ಕಳು ಹಾಡು ಶುರುಮಾಡಿದರು. ಡಬ್ಬಿಯ ಮುಚ್ಚಳ ಇನ್ನೂ ಅರ್ಧವಷ್ಟೇ ಎದ್ದಿತ್ತು, ಅಷ್ಟರಲ್ಲೇ “ಓಹೋ!” ಎಂದು ಬೆರಗಾದರು. ಡಬ್ಬಿಯಲ್ಲಿದ್ದದ್ದು ಮೊಳಕೆ ಬಂದ ಬೀನ್ಸ್ ಕಾಳು, ಎಂದಿನಂತೆ. ಗಿಡ ನೀರು ಹೇಗೆ ಕುಡಿಯುತ್ತದೆ ಎಂದು ಕೇಳಿದ್ದಕ್ಕೆ ನೋರ್ಕಾ ಹಣೆ ಗಂಟಿಕ್ಕಿ, ತುಂಬ ಯೋಚಿಸಿದವಳಂತೆ, “ಎಲೇಲಿ ಮಿಸ್” ಎಂದಳು. ಲಿಸಾರಾಗ ಖುಷಿಯಿಂದ ಗುರುತು ಹಾಕಿಕೊಂಡರು. ಬೇರಿನ ಚಿತ್ರ ತೂಗುಹಾಕಿದಾಗ ಇಡೀ ಕ್ಲಾಸು “ಆಆ!” ಎಂದಿತು. ಇಂಥ ಗಿಣಿಗಳನ್ನು ಯಾವ ಸಂತೆಯಲ್ಲೂ ಕಾಣೆವು.

“ಯಾರಿಗಾದ್ರೂ ಏನಾದ್ರೂ ಡೌಟ್ ಇದ್ಯಾ?” ಕ್ರಮದ ಪ್ರಕಾರ ಕೇಳಲೇಬೇಕಾದ ಪ್ರಶ್ನೆ. ಯಾರಿಗೂ ಇರುವುದಿಲ್ಲ. ಆದರೆ ನೋರ್ಕಾ ಎದ್ದು ನಿಂತಳು.

“ನನಗಿದೆ ಮಿಸ್. ಭಾಗಾಕಾರ ಮಾಡೋದು ಹೇಗೆ?”

ಲಿಸಾರಾಗರ ಪೆನ್ನು ನಿಂತಿತು.

“ಏನು?” ಎಂದಳು ಸಬೀನಾ.

“ಭಾಗಾಕಾರ. ಮುಂದಿನ ಕ್ಲಾಸಲ್ಲಿ ಅದು ಬರ್ಲೇಬೇಕಂತೆ, ನಮ್ಮಕ್ಕ ಹೇಳಿದ್ಳು. ನಮಗ್ಯಾರೂ ಹೇಳ್ಕೊಟ್ಟಿಲ್ಲ. ಬರೋರೆಲ್ಲ ಗಿಡಾನೇ ಮಾಡ್ತಾರೆ.”

ಯಾರೂ ನಗಲಿಲ್ಲ. ಮಕ್ಕಳೆಲ್ಲ, ಆ ದಿನ ಮೊದಲ ಸಲ, ಉತ್ತರ ಗೊತ್ತಿಲ್ಲದವರ ಮುಖ ಮಾಡಿಕೊಂಡು ಸಬೀನಾಳನ್ನು ನೋಡಿದರು. ಮೇಜಿನ ಮೇಲೆ ಕಾಳುಗಳಿದ್ದವು. ಒಂದು ಹಿಡಿ ಕಾಳು, ಹಂಚಿಕೊಳ್ಳಲು ಮೂರು ಮಕ್ಕಳು, ಅಷ್ಟು ಸಾಕಿತ್ತು. ಹೇಗೆ ಹೇಳಿಕೊಡಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೈ ಕಾಳಿನ ಕಡೆಗೆ ಹೋಗಿಯೂ ಬಿಟ್ಟಿತು. ಆಗ ಲಿಸಾರಾಗ ಗಂಟಲು ಸರಿಮಾಡಿಕೊಂಡು ಗಡಿಯಾರ ನೋಡಿದರು. ಅಷ್ಟಕ್ಕೇ ಆ ಕೈ ಹಿಂದಕ್ಕೆ ಬಂತು.

“ನಾಳೆ ಹೇಳ್ಕೊಡ್ತೀನಿ, ಪುಟ್ಟಿ. ಈಗ ಹೇಳಿ ನೋಡೋಣ, ಇವತ್ತು ನಾವೇನು ಕಲಿತ್ವಿ?”

“ಗಿಡ ಬೇರಿಂದ ನೀರು ಕುಡಿಯುತ್ತೆ!” ಸೂರು ಹಾರಿಹೋಗುವಂತೆ ಕೂಗಿದರು.

ಹೊರಗೆ ಲಿಸಾರಾಗ ಅವಳ ಬೆನ್ನು ತಟ್ಟಿದರು. “ಭೇಷ್! ಇಪ್ಪತ್ತಕ್ಕೆ ಹದಿನೆಂಟು. ಆ ಹುಡುಗಿ ದಾರಿ ತಪ್ಪಿಸೋಕೆ ನೋಡಿದ್ಳು, ನೀನು ಒಂಚೂರೂ ಅಲ್ಲಾಡ್ಲಿಲ್ಲ. ಅದನ್ನೇ ನಾನು ಗಮನಿಸಿದ್ದು. ಇನ್ಮೇಲೆ ನೀನೂ ಟೀಚರಮ್ಮ.” ಹೇಳಿ, ಕ್ಯಾಂಟೀನಿನಿಂದ ಬರುತ್ತಿದ್ದ ಸೂಪಿನ ವಾಸನೆಯ ಹಿಂದೆ ಹೊರಟುಹೋದರು.

ಸಬೀನಾಳಿಗೆ ಸಂತೋಷ ಆಗಬೇಕಿತ್ತು, ಆಯಿತು ಕೂಡ. ಆದರೆ ಡಬ್ಬಿ ತೆಗೆದುಕೊಳ್ಳಲು ಒಳಗೆ ಹೋದಾಗ ನೋರ್ಕಾ ಚಿತ್ರದ ಹಾಳೆಯನ್ನು ಜೋಪಾನವಾಗಿ ಸುತ್ತುತ್ತಿದ್ದಳು. ಅವಳನ್ನು ಕಂಡು ನಾಚಿಕೆಯಿಂದ ಸಬೀನಾಳ ಮುಖ ಬಿಸಿಯಾಯಿತು.

“ನಾಳೆ ಬರ್ತೀನಿ ನೋರ್ಕಾ. ಭಾಗಾಕಾರ ಹೇಳ್ಕೊಡ್ತೀನಿ. ಖಂಡಿತ.”

“ಪಾಸಾದ್ರಾ, ಮಿಸ್?”

“ಹೂಂ.”

“ಹಾಗಾದ್ರೆ ಬರಲ್ಲ, ಬಿಡಿ,” ಎಂದಳು ನೋರ್ಕಾ, ಸುತ್ತಿದ ಹಾಳೆಯನ್ನು ಅವಳ ಕೈಗಿಡುತ್ತ. “ನಾಳೆ ಬರ್ತೀನಿ ಅಂತ ಎಲ್ರೂ ಹೇಳ್ತಾರೆ. ಬರೋದು ಫೇಲಾದೋರು ಮಾತ್ರ.”