ಕೈಬರಹದ ಬೈಬಲ್

ಚರ್ಚಿನ ಶತಮಾನೋತ್ಸವಕ್ಕೆ ಸಭೆಯವರೆಲ್ಲ ಸೇರಿ ಇಡೀ ಬೈಬಲನ್ನು ಕೈಯಲ್ಲಿ ನಕಲು ಮಾಡುತ್ತಿದ್ದರು, ಮನೆಗೊಂದು ಭಾಗ. ಪಾದ್ರಿಗಳ ಮನೆಯ ಪಾಲನ್ನು ಅವರ ಹೆಂಡತಿ ಊಟದ ಮೇಜಿನ ಮೇಲೆ ಹರಡಿಕೊಂಡು ಬರೆಯುತ್ತಿದ್ದರು.

ಅಳಿಯ ಕೆಣಕಿದ. "ಮಾವ, ಹಿಂದಿನ ಕಾಲದಲ್ಲೂ ಬೈಬಲನ್ನ ಹೀಗೇ ಕೈಯಲ್ಲೇ ನಕಲು ಮಾಡಿದ್ದಲ್ವಾ? ಯಾರೂ ಒಂದು ಸಾಲೂ ತಿರುಚಿಲ್ಲ ಅಂತ ಹೇಗೆ ನಂಬೋದು?"

"ದೇವರ ವಾಕ್ಯಕ್ಕೆ ಕೈ ಹಾಕೋ ಧೈರ್ಯ ಯಾರಿಗಿದೆಯಪ್ಪಾ? ಬೇಕಾದ್ರೆ ನಿಮ್ಮತ್ತೆ ಬರೆದದ್ದನ್ನೇ ನೋಡು, ಒಂದಕ್ಷರ ಹೆಚ್ಚುಕಡಿಮೆ ಇರಲ್ಲ."

ಪಾದ್ರಿಗಳೇ ಹಾಳೆ ಎತ್ತಿಕೊಂಡು ಓದಿದರು. ಮತ್ತೆ ಓದಿದರು.

"ಹೆಂಡತಿ ಗಂಡನಿಗೆ ತಗ್ಗಿ ನಡೀಬೇಕು ಅನ್ನೋ ವಾಕ್ಯ ಎಲ್ಲೇ?"

"ಅದನ್ನ ನೀವು ದಿನಾ ಬಾಯಲ್ಲೇ ಹೇಳ್ತೀರಲ್ಲ, ಬಿಟ್ಟೆ," ಎಂದರು ಅವರು, ತಲೆಯೆತ್ತದೆ. "ಗಂಡ ಹೆಂಡತೀನ ಪ್ರೀತಿಸಬೇಕು ಅನ್ನೋದನ್ನ ಒಂದಿನವೂ ಹೇಳಿಲ್ಲ, ಅದಕ್ಕೇ ಎರಡು ಸಲ ಬರ್ದಿದೀನಿ."